ದಲಾಲಿ ಇಲ್ಲದ ಪೆಟ್ಟಿಗೆ

ನನ್ನ ಹೊಟ್ಟೆ ತುಂಬುವುದೇ ದಲಾಲಿಯಿಂದ. ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಒಂದು ಅಡತ್ ಅಂಗಡಿ. ಅಲ್ಲಿ ನಾನು ಲೆಕ್ಕ ಬರೆಯುವವನು. ರೈತರು ಹತ್ತಿ, ತೊಗರಿ ತರುತ್ತಾರೆ. ನಮ್ಮ ಅಂಗಡಿ ಮುಂದೆ ಇಳಿಸುತ್ತಾರೆ. ಟೆಂಡರ್ ಆಗುತ್ತದೆ, ತೂಕ ಆಗುತ್ತದೆ, ಖರೀದಿದಾರರು ಒಯ್ಯುತ್ತಾರೆ. ನಡುವೆ ನಿಂತಿದ್ದಕ್ಕೆ ನಮಗೆ ಇಷ್ಟು ಅಂತ ಸಿಗುತ್ತದೆ. ಇಂಥ ನಾನು 2008ರಲ್ಲಿ, ನಡುವೆ ಯಾರೂ ಬೇಡ ಅಂತ ಹಟ ಹಿಡಿದು ಒಂದು ಲ್ಯಾಪ್‌ಟಾಪ್ ತರಿಸಿದೆ. ಅದು ಈಗಲೂ ಅಟ್ಟದ ಮೇಲಿದೆ. ಮೊನ್ನೆ ಕೆಳಗಿಳಿಸಿ ಧೂಳು ಒರೆಸಿದೆ. ಆವಾಗಿನದೆಲ್ಲ ನೆನಪಾಯಿತು.

ಆಗ ನಮ್ಮೂರಲ್ಲಿ ಕಂಪ್ಯೂಟರ್ ಬೇಕು ಅಂದರೆ ಸ್ಟೇಷನ್ ರೋಡಿನ ಒಂದು ಅಂಗಡಿಗೆ ಹೋಗುವುದು. ನಮ್ಮ ಅಡತ್ ಅಂಗಡಿಯ ಎರಡು ಕಂಪ್ಯೂಟರೂ ಅಲ್ಲಿಯವೇ. ಅವರು ಒಂದು ಚೀಟಿಯ ಮೇಲೆ ಕೊಟೇಶನ್ ಬರೆದು ಕೊಡುತ್ತಿದ್ದರು. ಒಳಗೆ ಏನಿದೆ ಅಂತ ಕೇಳಿದರೆ 'ಒಳ್ಳೇದು ಹಾಕ್ತೀವಿ ಬಿಡ್ರಿ' ಅನ್ನುತ್ತಿದ್ದರು. ವಿಂಡೋಸ್? ಅದನ್ನೂ ಸುಮ್ನೆ ಹಾಕಿಕೊಡುತ್ತಿದ್ದರು. ಬಿಲ್ಲಿನಲ್ಲಿ ಅದರ ಸಾಲೇ ಇರುತ್ತಿರಲಿಲ್ಲ. ಲೆಕ್ಕ ಬರೆಯುವವನ ಕಣ್ಣಿಗೆ ಬಿಲ್ಲಿನಲ್ಲಿ ಇಲ್ಲದ ಸಾಮಾನು ಬೇಗ ಬೀಳುತ್ತದೆ. ಇದು ಯಾರ ಖಾತೆಗೆ ಹೋಗುತ್ತದೆ ಅಂತ ಯೋಚಿಸುತ್ತಿದ್ದೆ. ಆದರೆ ಊರಲ್ಲಿ ಯಾರಿಗೂ ಅದೊಂದು ಪ್ರಶ್ನೆಯೇ ಆಗಿರಲಿಲ್ಲ.

ಅದೇ ಹೊತ್ತಿಗೆ ಪೇಪರಿನಲ್ಲಿ ದೊಡ್ಡ ಜಾಹೀರಾತು ಬರತೊಡಗಿದವು. ಕಂಪನಿಗೇ ನೇರ ಫೋನ್ ಮಾಡಿ, ನಿಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳಿ ಅಂತ. ನಾನು ತರಿಸಿದ ಕಂಪನಿಯ ಹೆಸರು ಬೇಡ, ಮುಂದೆ ಅದರ ಬಗ್ಗೆ ಸ್ವಲ್ಪ ದೂರೂ ಇದೆ. ಫೋನ್ ಎತ್ತಿದ ಹುಡುಗ ಒಂದೊಂದೇ ಕೇಳುತ್ತಾ ಹೋದ. ಪ್ರೊಸೆಸರ್ ಯಾವುದು? ರ‍್ಯಾಮ್ ಒಂದು ಜಿಬಿಯೋ ಎರಡೋ? ಹಾರ್ಡ್‌ಡಿಸ್ಕ್ 120 ಸಾಕಾ, 160 ಬೇಕಾ? ಒಂದೊಂದು ಉತ್ತರಕ್ಕೂ ಬೆಲೆ ಹತ್ತುತ್ತಿತ್ತು, ಇಳಿಯುತ್ತಿತ್ತು. ಅಲ್ಲಿಯವರೆಗೆ ನನ್ನ ಇಷ್ಟದಂತೆ ಮಾಡಿಸಿಕೊಂಡದ್ದು ಅಂದರೆ ಟೇಲರ್ ಹತ್ತಿರ ಹೊಲಿಸಿದ ಪ್ಯಾಂಟು, ಬಿಟ್ಟರೆ ಖಾನಾವಳಿಯಲ್ಲಿ ಕಡಕ್ ರೊಟ್ಟಿ ಬೇಡ, ಬಿಸಿ ರೊಟ್ಟಿ ಕೊಡ್ರಿ ಅನ್ನುವುದು. ಯಂತ್ರವನ್ನೂ ಹೀಗೆ ಹೇಳಿ ಮಾಡಿಸಬಹುದು ಅನ್ನುವುದೇ ಒಂಥರಾ ನಶೆ ಆಗಿತ್ತು.

ಕೊನೆಗೆ ಆ ಹುಡುಗ ಕೇಳಿದ.

'ಸರ್, ವಿಂಡೋಸ್ ವಿಸ್ಟಾ ಹಾಕಲಾ, ಬೇಡವಾ?'

ಬೇಡ ಅನ್ನಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

'ಬೇಡ ಅಂದ್ರೆ?'

'ಫ್ರೀಡಾಸ್ ಬರುತ್ತೆ ಸರ್. ಮೂರು ಸಾವಿರದ ಚಿಲ್ಲರೆ ಕಡಿಮೆ.'

ಮೂರು ಸಾವಿರ ಅಂದರೆ ಆಗಿನ ನನ್ನ ಅರ್ಧ ತಿಂಗಳ ಪಗಾರ. ಬೇಡ ಅಂದೆ. ಜನ ದೊಡ್ಡ ತತ್ವ ಹಿಡಿದು ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ವ್ಯವಸ್ಥೆ, ಅದರ ಕಡೆಗೆ ಬಂದೆವು ಅನ್ನುತ್ತಾರೆ. ನಾನು ಬಂದದ್ದು ಈ ಮೂರು ಸಾವಿರದ ಚಿಲ್ಲರೆಗೆ.

ಕ್ರೆಡಿಟ್ ಕಾರ್ಡ್ ಇರಲಿಲ್ಲ. ಡಿಡಿ ತೆಗೆಸಬೇಕು. ಅದಕ್ಕೆ ಒಂದು ತಾಸು ರಜೆ ಕೇಳಲು ಸಾವ್ಕಾರ್ರ ಮುಂದೆ ನಿಂತೆ. ಅವರಿಗೆ ಆಗ ಎಪ್ಪತ್ತರ ಹತ್ತಿರ. ಧೋತರ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು. ಯಾವುದಕ್ಕೆ ಡಿಡಿ ಅಂತ ಕೇಳಿದರು. ಹೇಳಿದೆ.

'ಮಾಲು ನೋಡದ ರೊಕ್ಕ ಕಳಸ್ತಿಯೇನು?'

'ಹೌದ್ರಿ. ರೊಕ್ಕ ಮುಟ್ಟಿದ ಮ್ಯಾಲೆ ಮಾಡ್ತಾರಂತ್ರಿ.'

ಅವರು ಪೆನ್ನು ಕೆಳಗಿಟ್ಟರು. ಇದು ಅವರಿಗೆ ಬೇಕಾದ ವಿಷಯ. ನನಗೆ ತಿಳಿದಷ್ಟು ಹೇಳಿದೆ. ಅಮೆರಿಕದ ಆಸ್ಟಿನ್ ಊರಲ್ಲಿ ಮೈಕಲ್ ಡೆಲ್ ಅನ್ನುವ ಹುಡುಗ, 1984ರಲ್ಲಿ, 19ರ ವಯಸ್ಸಿನಲ್ಲಿ, ಕಾಲೇಜು ಹಾಸ್ಟೆಲ್ಲಿನ ಕೋಣೆಯಿಂದ ಈ ಥರದ ವ್ಯಾಪಾರ ಶುರು ಮಾಡಿದ. ಬಂಡವಾಳ 1000 ಡಾಲರ್. ಡೀಲರ್ ಇಲ್ಲ, ಷೋರೂಮ್ ಇಲ್ಲ. ಗಿರಾಕಿ ಹೇಳಿದ ಮೇಲೆ ಯಂತ್ರ ಜೋಡಿಸುವುದು, ನೇರ ಅವರಿಗೇ ಕಳಿಸುವುದು. 1996ಕ್ಕೆ ಇಂಟರ್ನೆಟ್ಟಿನಲ್ಲೂ ಮಾರತೊಡಗಿದ. ಗಿರಾಕಿಯ ದುಡ್ಡು ಮೊದಲು ಬರುತ್ತದೆ. ಬಿಡಿಭಾಗ ಕೊಟ್ಟವರಿಗೆ ಕೊಡುವುದು ಆಮೇಲೆ. ಗೋದಾಮಿನಲ್ಲಿ ನಾಲ್ಕೈದು ದಿನಕ್ಕೆ ಬೇಕಾದಷ್ಟೇ ಮಾಲು.

ಸಾವ್ಕಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಅಂಗಡಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ರೈತನಿಗೆ ಪಟ್ಟಿ ಮಾಡಿ ಅವತ್ತೇ ದುಡ್ಡು ಕೊಡಬೇಕು. ಖರೀದಿದಾರ ಕೊಡುವುದು ಹದಿನೈದು ದಿನಕ್ಕೋ, ತಿಂಗಳಿಗೋ. ನಡುವಿನ ಆ ದಿನಗಳನ್ನು ಹೊರುವುದೇ ನಮ್ಮ ದಂಧೆ. ಅದಕ್ಕೇ ಬಡ್ಡಿ, ಅದಕ್ಕೇ ರಾತ್ರಿ ನಿದ್ದೆ ಬರದೆ ಇರುವುದು.

'ಮಂದಿ ರೊಕ್ಕದಾಗ ದಂಧೆ ಮಾಡ್ಯಾನ, ಶಾಣ್ಯಾ ಅದಾನ' ಅಂದರು. ಮತ್ತೆ ಅವರೇ, 'ಆದ್ರ ಮಾಲು ಯಾಕ ಇಟ್ಕಳ್ಳಂಗಿಲ್ಲ?' ಅಂತ ಕೇಳಿದರು.

ಕಂಪ್ಯೂಟರ್ ಬಿಡಿಭಾಗಗಳ ಬೆಲೆ ವಾರವಾರಕ್ಕೂ ಇಳಿಯುತ್ತದೆ ಅಂದೆ. ಇಟ್ಟಷ್ಟು ನಷ್ಟ.

'ಹಂಗಾರ ತೊಗರಿ ಇಟ್ರ ರೇಟು ಏರ್ತದ, ಇದು ಇಟ್ರ ಇಳಿತದ. ತಿಳೀತು ಹೋಗು, ಡಿಡಿ ತಗಸು.'

ಈ ವ್ಯಾಪಾರದ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದ್ದೇನೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದು ನೋಡಿಲ್ಲ.

ಪೆಟ್ಟಿಗೆ ಬರಲು ಹದಿಮೂರು ದಿನ ಹಿಡಿಯಿತು. ಕೊರಿಯರ್‌ನವರಿಗೆ ನಮ್ಮ ಓಣಿ ಸಿಗಲಿಲ್ಲ. ನಾನೇ ಅವರ ಆಫೀಸಿಗೆ ಹೋಗಿ ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು, ತೀನ್ ಕಂದೀಲ್ ಹತ್ತಿರ ಇಳಿದು ತಳ್ಳಿಕೊಂಡು ಬಂದೆ. ಮನೆಗೂ ಒಯ್ಯದೆ ಮೊದಲು ಅಂಗಡಿಗೇ ಒಯ್ದೆ, ಎಲ್ಲರೂ ನೋಡಲಿ ಅಂತ. ಹಮಾಲರೂ ಸೇರಿದರು. ತೆರೆದು ಬಟನ್ ಒತ್ತಿ, ಜೊತೆಗೆ ಬಂದ ಸಿಡಿ ಹಾಕಿದೆ. ಕಪ್ಪು ಪರದೆ. ಮೂಲೆಯಲ್ಲಿ ಒಂದು ಅಕ್ಷರ, ಎರಡು ಚುಕ್ಕಿ, ಒಂದು ಓರೆ ಗೆರೆ. ಪಕ್ಕದಲ್ಲಿ ಮಿನುಗುವ ಸಣ್ಣ ಅಡ್ಡಗೀಟು. ಅಷ್ಟೇ.

'ಇಷ್ಟು ರೊಕ್ಕ ಕೊಟ್ಟು ಖಾಲಿ ಡಬ್ಬಿ ತಂದಿಯಲ್ಲಪಾ' ಅಂದರು ಒಬ್ಬರು. ನನಗೂ ಹಾಗೇ ಅನಿಸಿತ್ತು. ಸಾವ್ಕಾರ್ರು ಮಾತ್ರ ಕನ್ನಡಕ ಏರಿಸಿ ಬಗ್ಗಿ ನೋಡಿದರು. 'ಏ, ಇದು ನಮ್ಮ ಹಳೇ ಮಷೀನಿನ ಪರದೆ ಅಲ್ಲೇನು?' ಅಂದರು. ಹೌದು. ತೊಂಬತ್ತರ ದಶಕದಲ್ಲಿ ಅಂಗಡಿಯ ಮೊದಲ ಕಂಪ್ಯೂಟರಿನಲ್ಲಿ ಲೆಕ್ಕ ನಡೆಯುತ್ತಿದ್ದದ್ದು ವಿಂಡೋಸ್‌ಗೂ ಮೊದಲಿನ ಡಾಸ್ ಮೇಲೆಯೇ. ಆ ಡಾಸನ್ನು ಮೈಕ್ರೋಸಾಫ್ಟ್ ಕೈಬಿಡುತ್ತದೆ ಅಂತ ಸುದ್ದಿಯಾದಾಗ, 1994ರಲ್ಲಿ ಜಿಮ್ ಹಾಲ್ ಅನ್ನುವ ಫಿಸಿಕ್ಸ್ ವಿದ್ಯಾರ್ಥಿ, ಹಾಗಾದರೆ ನಾವೇ ಒಂದು ಬರೆಯೋಣ ಅಂತ ಹೊರಟ. ಅದು ಈ ಫ್ರೀಡಾಸ್. ಪೂರ್ತಿ 1.0 ಅಂತ ಹೊರಬಂದದ್ದು 2006ರಲ್ಲಿ. ಖಾಲಿ ಡಬ್ಬಿ ಅಲ್ಲ ಅದು, ಹನ್ನೆರಡು ವರ್ಷ ಸಂಬಳ ಇಲ್ಲದೆ ಮಾಡಿದ ಕೆಲಸ. ಆದರೆ ಅವತ್ತು ನನಗೆ ಇದು ಗೊತ್ತಿರಲಿಲ್ಲ. ತಲೆ ತಗ್ಗಿಸಿ ಮುಚ್ಚಿಟ್ಟೆ.

ಉಬುಂಟು ಅಂದರೆ ಲಿನಕ್ಸ್‌ನದೇ ಒಂದು ಬಗೆ. ಅದರ ಸಿಡಿ ಅಂಚೆಯಲ್ಲಿ ಬಂತು. ಈಗಿನ ಹುಡುಗರು ನಂಬುವುದಿಲ್ಲ. ವಿಳಾಸ ಕೊಟ್ಟರೆ ಹೊರದೇಶದಿಂದ ಸಿಡಿ ಕಳಿಸುತ್ತಿದ್ದರು. ಒಂದು ಪೈಸೆ ಇಲ್ಲ, ಅಂಚೆ ಖರ್ಚೂ ಅವರದೇ. 2011ರವರೆಗೂ ಈ ಪದ್ಧತಿ ಇತ್ತು. ನಮ್ಮ ಪೋಸ್ಟ್‌ಮ್ಯಾನ್ ಆ ಲಕೋಟೆ ಕೊಡುವಾಗ, 'ಅಳಿಯ ಫಾರಿನ್ನಾಗ ಅದಾನೇನ್ರಿ?' ಅಂತ ಕೇಳಿದ್ದ. ನನಗೆ ಆಗ ಮದುವೆಯೇ ಆಗಿರಲಿಲ್ಲ.

ಬಂದದ್ದು 8.04. ಅಂದರೆ 2008ರ ನಾಲ್ಕನೇ ತಿಂಗಳದ್ದು. ಅಕ್ಟೋಬರ್‌ಗೆ ಇನ್ನೊಂದು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆ ಹಾಗೆ ವರ್ಷಕ್ಕೆ ಎರಡು ಬೆಳೆ. ಸಿಡಿ ಹಾಕಿದರೆ ಡಿಸ್ಕಿಗೆ ಏನೂ ಮಾಡದೆ ಸಿಡಿಯಿಂದಲೇ ಎಲ್ಲ ನಡೆಯುತ್ತದೆ. ನೋಡಿ, ಇಷ್ಟವಾದರೆ ಇಳಿಸಿಕೊಳ್ಳಿ. ಇದು ಗಂಜ್‌ನಲ್ಲಿ ಚೀಲಕ್ಕೆ ಬಂಬು ಚುಚ್ಚಿ ಅಂಗೈ ಮೇಲೆ ಕಾಳು ನೋಡುವ ಹಾಗೆ. ನೋಡಿದೆ. ಇಳಿಸಿಕೊಂಡೆ. ಅರ್ಧ ತಾಸು ಹಿಡಿಯಿತು.

ಆಮೇಲಿನ ಮೂರು ತಿಂಗಳು ಹಿಡಿಸಿದ್ದು ಬೇರೆ. ಪರದೆ ಬಂತು, ಸೌಂಡ್ ಬಂತು, ವೈಫೈ ಬರಲಿಲ್ಲ. ಆ ವೈಫೈ ಚಿಪ್ ಎದ್ದು ಕೆಲಸ ಮಾಡಲು ಅದರೊಳಗೆ ಒಂದು ಸಣ್ಣ ಪ್ರೋಗ್ರಾಂ ತುಂಬಬೇಕು. ಫರ್ಮ್‌ವೇರ್ ಅನ್ನುತ್ತಾರೆ. ಚಿಪ್ ಮಾಡಿದವರು ಅದನ್ನು ಹಂಚಲು ಬಿಟ್ಟಿರಲಿಲ್ಲ. ಹಾಗಾಗಿ ಸಿಡಿಯಲ್ಲಿ ಇರಲಿಲ್ಲ. ಇಂಟರ್ನೆಟ್ಟಿನಿಂದ ತೆಗೆದುಕೊಳ್ಳಬೇಕು. ಇಂಟರ್ನೆಟ್ ಬರಬೇಕಾದರೆ ಅದು ಬೇಕು. ಬಾವಿಯೊಳಗೆ ಬಿದ್ದ ಹಗ್ಗವನ್ನು ಅದೇ ಹಗ್ಗದಿಂದ ಎತ್ತಬೇಕು ಅಂದ ಹಾಗೆ. ಕೊನೆಗೆ ಇಂಟರ್ನೆಟ್ ಸೆಂಟರಿಗೆ ಹೋಗಿ ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ.

ಪ್ರಿಂಟರ್ ವಿಷಯ ಇನ್ನೂ ಮಜಾ. ಅಂಗಡಿಯಲ್ಲಿ ಪಟ್ಟಿ ಹೊಡೆಯುವ ಹಳೇ ಡಾಟ್ ಮ್ಯಾಟ್ರಿಕ್ಸ್, ಕರ್ ಕರ್ ಅನ್ನುವುದು, ಹಚ್ಚಿದ ಕೂಡಲೇ ಲಿನಕ್ಸ್‌ನಲ್ಲಿ ಓಡಿತು. ಹೊಸ ಲೇಸರ್ ಪ್ರಿಂಟರ್ ಮಿಸುಕಲಿಲ್ಲ. ಹಳೆಯದಕ್ಕೆ ತಲೆ ಇತ್ತು, ಅಕ್ಷರ ಕಳಿಸಿದರೆ ತಾನೇ ಹೊಡೆಯುತ್ತಿತ್ತು. ಅಗ್ಗದ ಲೇಸರ್‌ಗಳಲ್ಲಿ ತಲೆಯನ್ನು ತೆಗೆದು, ಆ ಕೆಲಸವನ್ನೆಲ್ಲ ವಿಂಡೋಸ್‌ನಲ್ಲಿ ಕೂರುವ ಡ್ರೈವರ್‌ಗೆ ಹೊರಿಸಿದ್ದರು. ಕಡಿಮೆ ಬೆಲೆ ಅಂತ ಕೊಂಡದ್ದರ ಉಳಿದ ಅರ್ಧ ಬೇರೆಯವರ ಕೈಯಲ್ಲಿತ್ತು. ಯಾರೋ ಪುಣ್ಯಾತ್ಮರು ಆ ಪ್ರಿಂಟರುಗಳ ಭಾಷೆಯನ್ನು ಹೊರಗಿನಿಂದಲೇ ಕಂಡುಹಿಡಿದು ಡ್ರೈವರ್ ಬರೆದಿದ್ದರು. ಅದರಿಂದ ನಡೆಯಿತು.

ಕರೆಂಟಿನ ಕಥೆ ಹೇಳದೆ ರಾಯಚೂರಿನ ಯಾವ ಕಥೆಯೂ ಮುಗಿಯುವುದಿಲ್ಲ. ಶಕ್ತಿನಗರದ ಥರ್ಮಲ್ ಸ್ಟೇಷನ್ ನಮ್ಮ ಮಗ್ಗುಲಲ್ಲೇ ಇದೆ. 1985ರಿಂದ ಉರಿಯುತ್ತಿದೆ. ಎಂಟು ಘಟಕ, 1720 ಮೆಗಾವಾಟ್. ಬೂದಿ ನಮಗೆ, ಬೆಳಕು ಊರೂರಿಗೆ. ಮೇ ತಿಂಗಳ ಮಧ್ಯಾಹ್ನ ಬಿಸಿಲು 42, 43ಕ್ಕೆ ಹೋದಾಗ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಎರಡನೇ ವರ್ಷಕ್ಕೆ ಲ್ಯಾಪ್‌ಟಾಪಿನ ಬ್ಯಾಟರಿ ಆ ಕಾವಿಗೇ ಸತ್ತಿತು. ಹೊಸದು ತುಟ್ಟಿ. ವೈರಿನ ಮೇಲೆಯೇ ನಡೆಸಿದೆ. ಅಂದರೆ ಕರೆಂಟ್ ಹೋದಾಗಲೆಲ್ಲ ಬರೆಯುತ್ತಿದ್ದ ಕಡೆಯಲ್ಲೇ ಯಂತ್ರ ಧಪ್ ಅಂತ ಆರುತ್ತಿತ್ತು. ಡಿಸ್ಕಿನಲ್ಲಿದ್ದದ್ದು ಹಾಳಾಗಬೇಕಲ್ವಾ? ಮತ್ತೆ ಹಚ್ಚಿದರೆ ಎರಡೇ ನಿಮಿಷದಲ್ಲಿ ಎಲ್ಲ ಇದ್ದಲ್ಲೇ ಇರುತ್ತಿತ್ತು. ಯಾಕೆ ಅಂತ ಓದುತ್ತಾ ಹೋದೆ. ಜರ್ನಲ್ ಅನ್ನುವ ಪದ ಸಿಕ್ಕಿತು.

ಕೂತಲ್ಲೇ ನಕ್ಕುಬಿಟ್ಟೆ. ಜರ್ನಲ್ ಅಂದರೆ ನಮ್ಮ ಕಿರ್ದಿ! ಲೆಕ್ಕ ಬರೆಯುವವರು ನೇರ ಖಾತೆಗೆ ಕೈ ಹಾಕುವುದಿಲ್ಲ. ಮೊದಲು ಕಿರ್ದಿಯಲ್ಲಿ ಬರೆಯುತ್ತಾರೆ. ಇಂಥವರಿಂದ ಬಂತು, ಇಂಥವರಿಗೆ ಹೋಯಿತು ಅಂತ. ಆಮೇಲೆ ಪುರುಸೊತ್ತಾಗಿ ಕೂತು ಒಂದೊಂದನ್ನೇ ಖಾತೆಗೆ ಏರಿಸುತ್ತಾರೆ. ನಡುವೆ ಯಾರೋ ಕರೆದರು, ಎದ್ದು ಹೋದರು ಅಂದುಕೊಳ್ಳಿ. ತಿರುಗಿ ಬಂದು ಕಿರ್ದಿ ನೋಡಿದರೆ ಎಲ್ಲಿಗೆ ಬಿಟ್ಟಿದ್ದೆವು ತಿಳಿಯುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ3 ಅನ್ನುವ ಫೈಲ್ ಸಿಸ್ಟಂ ಮಾಡುವುದೂ ಇದನ್ನೇ. 2001ರಲ್ಲಿ ಅದು ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೆ ಸೇರಿತು. ಯಾವ ಫೈಲು ಎಲ್ಲಿದೆ, ಎಷ್ಟು ಉದ್ದ ಅನ್ನುವ ವಿವರ ಬದಲಾಗುವುದಿದ್ದರೆ ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಅದರದರ ಜಾಗಕ್ಕೆ ಏರಿಸುತ್ತದೆ. ಕರೆಂಟ್ ಹೋಗಿ ಬಂದರೆ ಕಿರ್ದಿ ತೆಗೆದು ಓದುತ್ತದೆ. ಪೂರ್ತಿ ಬರೆದದ್ದನ್ನು ಏರಿಸುತ್ತದೆ, ಅರ್ಧ ಬರೆದದ್ದನ್ನು ಬಿಟ್ಟುಬಿಡುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಮಾಮೂಲಿ ಹೊಂದಿಕೆಯಲ್ಲಿ ಅದು ಫೈಲಿನ ಒಳಗಿನ ಮಾಲನ್ನು ಕಿರ್ದಿಗೆ ಹಾಕುವುದಿಲ್ಲ. ಅದನ್ನು ಮೊದಲು ಡಿಸ್ಕಿನ ಜಾಗಕ್ಕೆ ಮುಟ್ಟಿಸುತ್ತದೆ, ಆಮೇಲೆ ಕಿರ್ದಿಯನ್ನು ಖಾಯಂ ಮಾಡುತ್ತದೆ. ಚೀಲ ಗೋದಾಮು ಸೇರುವವರೆಗೆ ಪುಸ್ತಕದಲ್ಲಿ 'ಬಂತು' ಅಂತ ಬರೆಯಬಾರದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಸಾವ್ಕಾರ್ರ ಹತ್ತಿರ ಬೈಸಿಕೊಂಡದ್ದು ಇದೇ ತಪ್ಪಿಗೆ. ಕಂಪ್ಯೂಟರ್ ಓದಿದವರು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ನನಗೆ ಅದು ಮೊದಲೇ ಗೊತ್ತಿತ್ತು, ಬೇರೆ ಹೆಸರಿನಲ್ಲಿ.

ಅಂಗಡಿಯ ಕಂಪ್ಯೂಟರ್ ಮುಟ್ಟುವ ಧೈರ್ಯ ಮಾತ್ರ ಮಾಡಲಿಲ್ಲ. ಅಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್, ಅದು ವಿಂಡೋಸ್‌ಗೇ ಮಾಡಿದ್ದು. ಹಗಲು ಟ್ಯಾಲಿ, ರಾತ್ರಿ ಲಿನಕ್ಸ್. ಮನೆ ಖರ್ಚನ್ನು ಗ್ನೂಕ್ಯಾಶ್‌ನಲ್ಲಿ ಬರೆಯತೊಡಗಿದೆ. ಅದು ಜಮಾ ಖರ್ಚು ಎರಡೂ ಕಡೆ ಕೇಳುವ ಗಟ್ಟಿ ಲೆಕ್ಕದ ಸಾಫ್ಟ್‌ವೇರ್. ಮನೆಗೆ ಅಷ್ಟೆಲ್ಲ ಬೇಕಿಲ್ಲ. ಆದರೆ ಕೈ ಕೇಳಬೇಕಲ್ಲ.

ಕನ್ನಡದ್ದು ಬೇರೆಯೇ ಒಂದು ಕಾಟ. ಎಪಿಎಂಸಿಯಿಂದ, ತಾಲ್ಲೂಕಾಫೀಸಿನಿಂದ ಬರುವ ಫೈಲುಗಳೆಲ್ಲ ಆಗ 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಬರೆದವು. ನನ್ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು, ಏನೇನೋ ಕಲಬೆರಕೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಒಳಗೆ ಇರುವುದು ಇಂಗ್ಲಿಷ್ ಅಂಕಿಯೇ, ಮೇಲೆ ತೊಟ್ಟದ್ದು ಕನ್ನಡದ ಅಂಗಿ. ಅದೇ ಅಂಗಿ ಇಲ್ಲದ ಕಂಪ್ಯೂಟರಿಗೆ ಹೋದರೆ ಬೆತ್ತಲೆ. ಬೇರೆ ದಾರಿ ಇಲ್ಲದ ಕಾಲದಲ್ಲಿ ಕನ್ನಡವನ್ನು ಆಫೀಸುಗಳೊಳಗೆ ತಂದದ್ದು ಇವೇ ಫಾಂಟುಗಳು, ಅದನ್ನು ಮರೆಯಬಾರದು. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಅಂಕಿ ಕೊಡುವ ಪದ್ಧತಿ. ಅದು ಕನ್ನಡಕ್ಕೆ ಅಂತಲೇ 128 ಮನೆಗಳನ್ನು ಬಿಟ್ಟುಕೊಟ್ಟಿದೆ. ಅಲ್ಲಿ ಬರೆದ 'ಕ' ಎಲ್ಲಿಗೆ ಹೋದರೂ 'ಕ'ವೇ. ಲಿನಕ್ಸ್‌ಗೆ ಬಂದವರಿಗೆ ಯೂನಿಕೋಡ್ ಬಿಟ್ಟು ಗತಿ ಇರಲಿಲ್ಲ. ಹಾಗಾಗಿ ನನ್ನಂಥವರು ಊರಿನ ಉಳಿದವರಿಗಿಂತ ಮೊದಲೇ ಅದಕ್ಕೆ ಒಗ್ಗಿದೆವು.

ರಾಯಚೂರಿನವನಿಗೆ ಇದು ಅರ್ಥವಾಗಲು ಸ್ಟೇಷನ್‌ಗೆ ಹೋಗಿ ನಿಂತರೆ ಸಾಕು. ಮುಂಬಯಿ ಕಡೆಯಿಂದ ಒಂದು ಕಂಪನಿ, ಮದ್ರಾಸ್ ಕಡೆಯಿಂದ ಇನ್ನೊಂದು ಕಂಪನಿ ಹಳಿ ಹಾಕುತ್ತಾ ಬಂದು 1871ರಲ್ಲಿ ನಮ್ಮೂರಲ್ಲೇ ಕೂಡಿದವು. ಎರಡೂ ಬೇರೆ ಬೇರೆ ಮಾಲೀಕರವು. ಆದರೆ ಎರಡು ಹಳಿಗಳ ನಡುವಿನ ಅಗಲ ಒಂದೇ, ಐದೂವರೆ ಅಡಿ. ಅದಕ್ಕೇ ಹಳಿ ಹೊಂದಲಿಲ್ಲ ಅಂತ ಇಲ್ಲಿ ಯಾರೂ ಇಳಿದು ಗಂಟು ಮೂಟೆ ಹೊತ್ತು ಬೇರೆ ಗಾಡಿಗೆ ಓಡಬೇಕಾಗಲಿಲ್ಲ. ನುಡಿಯ ಹಳೇ ಫೈಲನ್ನು ಯೂನಿಕೋಡಿಗೆ ತಿರುಗಿಸುತ್ತಾ ಕೂತಾಗಲೆಲ್ಲ ನನಗೆ ಗಂಟು ಮೂಟೆ ಹೊತ್ತ ಹಾಗೇ ಆಗುತ್ತಿತ್ತು. ಹಾಗಂತ ಹೊಸ ಹಳಿಯಲ್ಲಿ ಎಲ್ಲ ಸಲೀಸು ಅಂತಲ್ಲ. 'ಸೂರ್ಯ' ಬರೆದರೆ ಅರ್ಕಾವತ್ತು ಚೆನ್ನಾಗಿ ಬರುತ್ತಿತ್ತು. 'ರ‍್ಯಾಲಿ' ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಒತ್ತಬೇಕು. ಕಾಣದ ಅಕ್ಷರ ಅಂದರೆ ಸಾವ್ಕಾರ್ರು ಬಿದ್ದು ಬಿದ್ದು ನಕ್ಕಿದ್ದರು.

ಈಗ ದೂರಿಗೆ ಬರುತ್ತೇನೆ. ಇದು ಬ್ಯಾಟರಿ ಸಾಯುವುದಕ್ಕೂ ಮೊದಲಿನದು. ಎಂಟನೇ ತಿಂಗಳಿಗೆ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿತು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಕೆಟ್ಟ ಜಾಗ ಸಿಕ್ಕರೆ, ಮೀಸಲಿಟ್ಟ ಒಳ್ಳೆಯ ಜಾಗಕ್ಕೆ ಮಾಲು ಸಾಗಿಸಿ, ಎಷ್ಟು ಸಾಗಿಸಿದೆ ಅಂತ ಎಣಿಸುತ್ತದೆ. ಲಿನಕ್ಸ್‌ನಲ್ಲಿ ಒಂದು ಆಜ್ಞೆ ಕೊಟ್ಟರೆ ಆ ಸಂಖ್ಯೆ ಕಾಣುತ್ತದೆ. ಸೋಮವಾರ 12 ಇತ್ತು, ಗುರುವಾರ 90 ದಾಟಿತು. ಕಂಪನಿಗೆ ಫೋನ್ ಮಾಡಿದೆ. ವಿಂಡೋಸ್ ತೆರೆದು ಇಂಥ ಗುಂಡಿ ಒತ್ತಿ ಅಂದರು. ವಿಂಡೋಸ್ ಇಲ್ಲ ಅಂದೆ. ಹಾಗಾದರೆ ಸಾಫ್ಟ್‌ವೇರ್ ತೊಂದರೆ ಇರಬಹುದು, ವಿಂಡೋಸ್ ಹಾಕಿ ನೋಡಿ ಫೋನ್ ಮಾಡಿ ಅಂದರು. ವಿಂಡೋಸ್ ಇಲ್ಲದೆ ಮಾರಿದವರು ನೀವೇ ಅಂದೆ. ಲೈನ್ ಇನ್ನೊಬ್ಬರಿಗೆ ಕೊಟ್ಟರು. ಅವರೂ ಮೊದಲಿನಿಂದ ಅದನ್ನೇ ಕೇಳಿದರು. ನಾಲ್ಕು ದಿನ ಹೀಗೇ. ಡಿಸ್ಕ್ ಐದನೇ ದಿನ ಸತ್ತಿತು.

ಅದನ್ನು ಹಿಡಿದುಕೊಂಡು ಸ್ಟೇಷನ್ ರೋಡಿನ ಅಂಗಡಿಗೆ ಹೋದೆ. ಅವರಿಗೆ ಎಲ್ಲ ಗೊತ್ತಿತ್ತು, ಗಂಜ್‌ನಲ್ಲಿ ಯಾವ ಸುದ್ದಿ ನಿಲ್ಲುತ್ತದೆ? ತಿರುಗಿಸಿ ನೋಡಿದರು, ವಾಪಸ್ ಕೊಟ್ಟರು. 'ಎಲ್ಲಿ ತಗಂಡ್ರಿ, ಅಲ್ಲೇ ಕೇಳ್ರಿ.' ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದೇ ಜಾಸ್ತಿ ಚುಚ್ಚಿತು. ಅಂಗಡಿಯ ಕಂಪ್ಯೂಟರ್ ಕೆಟ್ಟರೆ ಇದೇ ಮನುಷ್ಯ ರಾತ್ರಿ ಒಂಬತ್ತಕ್ಕೂ ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದರು. ಕೆಟ್ಟದ್ದನ್ನು ಒಯ್ದು, ತಮ್ಮ ಅಂಗಡಿಯದನ್ನು ನಡೆಸಲು ಕೊಟ್ಟು ಹೋಗುತ್ತಿದ್ದರು. ಅದಕ್ಕೆ ಬಿಲ್ಲಿನಲ್ಲಿ ಸಾಲು ಇರುತ್ತಿರಲಿಲ್ಲ. ಬಿಲ್ಲಿನಲ್ಲಿ ಇಲ್ಲದ ವಿಂಡೋಸ್ ನನ್ನ ಕಣ್ಣಿಗೆ ಬಿದ್ದಿತ್ತು. ಇದು ಬಿದ್ದಿರಲಿಲ್ಲ.

ಸಾವ್ಕಾರ್ರು ಒಂದೇ ಮಾತು ಕೇಳಿದರು. 'ದಲಾಲಿ ಉಳಿಸಿದಿ. ಈಗ ಬೈಬೇಕಂದ್ರ ಯಾರಿಗೆ ಬೈತಿ?'

ಹತ್ತನೇ ದಿನ ಬಳ್ಳಾರಿಯಿಂದ ಬಸ್ಸಿನಲ್ಲಿ ಒಬ್ಬ ಹುಡುಗ ಬಂದ. ಕೆಟ್ಟ ಡಿಸ್ಕ್ ಬಿಚ್ಚಿ, ಹೊಸದು ಕೂರಿಸಿ, ಹಳೆಯದನ್ನು ಚೀಲಕ್ಕೆ ಹಾಕಿಕೊಂಡ. ನಿಯಮ ಅಂತೆ. ಅದರಲ್ಲಿದ್ದ ಎಂಟು ತಿಂಗಳ ಮನೆ ಲೆಕ್ಕ, ಅಕ್ಕನ ಮಗನ ಜವಳದ ಫೋಟೋ ಅವನ ಜೊತೆ ಬಳ್ಳಾರಿಗೆ ಹೋದವು. ನಕಲು ಇಟ್ಟುಕೊಂಡಿರಲಿಲ್ಲ. ಡಿಸ್ಕ್ ಟಿಕ್ ಅನ್ನುತ್ತಿದ್ದ ನಾಲ್ಕು ದಿನವೂ ಫೋನ್ ಹಿಡಿದು ಜಗಳ ಮಾಡುತ್ತಾ ಕೂತಿದ್ದೆ, ಒಂದು ಪೆನ್‌ಡ್ರೈವ್ ಹಚ್ಚುವ ಬುದ್ಧಿ ಬರಲಿಲ್ಲ. ಕರೆಂಟ್ ಹೋದರೆ ಕಿರ್ದಿ ಕಾಯುತ್ತದೆ. ಪುಸ್ತಕಕ್ಕೇ ಬೆಂಕಿ ಬಿದ್ದರೆ ಕಿರ್ದಿ ಏನು ಮಾಡುತ್ತದೆ?

ಹೊಸ ಡಿಸ್ಕಿಗೆ ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಹಾಕಿದೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು. ಉಬುಂಟು ಕಟ್ಟಿರುವುದೂ ಇದರ ಮೇಲೆಯೇ. ಇಲ್ಲಿ ವರ್ಷಕ್ಕೆ ಎರಡು ಬೆಳೆ ಇಲ್ಲ. ತಯಾರಾದಾಗ ತಯಾರು. ಲಿನಕ್ಸ್‌ನಲ್ಲೂ ನಡುವೆ ಯಾರೂ ಇಲ್ಲ ಅಂದುಕೊಂಡಿದ್ದೆ. ಅದು ಸುಳ್ಳು ಅಂತ ತಿಳಿದದ್ದು ಇಲ್ಲಿ. ಪ್ರೋಗ್ರಾಂ ಬರೆಯುವವರು ಒಂದು ಕಡೆ, ನಾವು ಇನ್ನೊಂದು ಕಡೆ. ನಡುವೆ ಒಂದೊಂದು ಪ್ಯಾಕೇಜಿಗೂ, ಅಂದರೆ ಕಟ್ಟಿಟ್ಟ ಪ್ರೋಗ್ರಾಂಗೂ, ಒಬ್ಬ ಜವಾಬ್ದಾರ. ಬಂದ ಮಾಲನ್ನು ಸುರಿದು ನೋಡುತ್ತಾನೆ. ಕಸ, ಕಲ್ಲು ಆರಿಸುತ್ತಾನೆ. ಲೈಸೆನ್ಸ್ ಓದುತ್ತಾನೆ. ಬೇರೆ ಮಾಲಿನ ಜೊತೆ ಹೊಂದುತ್ತದಾ ನೋಡುತ್ತಾನೆ. ಚೀಲ ಹೊಲಿದು ಮೇಲೆ ತನ್ನ ಸಹಿಯ ಮುದ್ರೆ ಒತ್ತುತ್ತಾನೆ. ತೂತು ಕಂಡುಬಂದರೆ ಮುಚ್ಚುವುದೂ ಅವನೇ. ಈಗ ಡೆಬಿಯನ್‌ನಲ್ಲಿ 60 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಇದು ಪಕ್ಕಾ ಅಡತ್ ಕೆಲಸ. ದಲಾಲಿ ಮಾತ್ರ ಇಲ್ಲ. ನಾನು ನಡುವಿನವರನ್ನು ತಪ್ಪಿಸಿಕೊಂಡು ಓಡಿ ಓಡಿ ಬಂದು ಬಿದ್ದದ್ದು ಇಷ್ಟು ದೊಡ್ಡ ಗಂಜ್‌ನಲ್ಲಿ!

ಚಟ ಹತ್ತಿದ ಮೇಲೆ ಬೇರೆ ಆಪರೇಟಿಂಗ್ ಸಿಸ್ಟಂಗಳನ್ನೂ ರುಚಿ ನೋಡಿದೆ. ಫ್ರೀಬಿಎಸ್‌ಡಿ ಹಾಕಿದೆ. ಅದರ ಕೈಪಿಡಿಯಷ್ಟು ಚೊಕ್ಕ ಬರಹ ಇನ್ನೆಲ್ಲೂ ನೋಡಿಲ್ಲ, ಆದರೆ ನನ್ನ ವೈಫೈ ಅದಕ್ಕೂ ಒಲಿಯಲಿಲ್ಲ. 256 ಎಂಬಿಯ ಹಳೇ ಪಿಸಿಗೆ ಪಪ್ಪಿ ಲಿನಕ್ಸ್ ಹಾಕಿ ಕುಣಿಸಿದೆ. 2009ರ ಸೆಪ್ಟೆಂಬರಿನಲ್ಲಿ ಹೈಕು ಅನ್ನುವುದರ ಮೊದಲ ಆಲ್ಫಾ ಬಂತು. ಬೀಓಎಸ್ ಅಂತ ಒಂದು ಚಂದದ ವ್ಯವಸ್ಥೆ ಇತ್ತಂತೆ. ಅದರ ಕಂಪನಿಯ ಸರಕನ್ನೆಲ್ಲ 2001ರಲ್ಲಿ ಪಾಮ್ ಅನ್ನುವ ಕಂಪನಿ ಕೊಂಡುಕೊಂಡು, ಅಲ್ಲಿಗೆ ಅದು ಮುಗಿಯಿತು. ಅದನ್ನು ಇಷ್ಟಪಟ್ಟವರು ಮೊದಲಿನಿಂದ ಮತ್ತೆ ಬರೆಯತೊಡಗಿದರು. ಮೊದಲ ಬೀಟಾ ಬರಲು 2018 ಆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಬಟನ್ ಒತ್ತಿ ಚಹಾದ ಕಪ್ಪು ಎತ್ತುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು. ತೆರೆದ ಮೇಲೆ ಮಾಡಲು ನನಗೆ ಕೆಲಸ ಇರಲಿಲ್ಲ, ಅದು ಬೇರೆ ಮಾತು.

ಸಾವ್ಕಾರ್ರು ಈಗ ಇಲ್ಲ. ಮಗ ಅಂಗಡಿ ನೋಡುತ್ತಾರೆ. ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರುವ ಕೆಲಸ 2014ರಲ್ಲಿ ಶುರುವಾಯಿತು. ಇನ್ನು ಅಡತ್ ಮುಗಿಯಿತು ಅಂತ ಆಗ ಎಲ್ಲರೂ ಮಾತಾಡಿದರು. ಟೆಂಡರ್ ಪರದೆ ಮೇಲೆ ಬಂತು. ರೈತ ಮಾತ್ರ ಬಿತ್ತನೆ ಹೊತ್ತಿಗೆ ಮುಂಗಡ ಕೇಳಲು ಈಗಲೂ ನಮ್ಮ ಕಟ್ಟೆಗೇ ಬರುತ್ತಾನೆ. ಪರದೆ ಸಾಲ ಕೊಡುವುದಿಲ್ಲ.

ಕಳೆದ ವರ್ಷ, 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಬೇಕು ಅಂದರೆ ಯಂತ್ರದಲ್ಲಿ ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಇರಬೇಕು, ಇಂಟೆಲ್ ಆದರೆ ಸುಮಾರು 8ನೇ ತಲೆಮಾರಿನದಾದರೂ ಆಗಬೇಕು. ಊರಲ್ಲಿ ಓಡುತ್ತಿರುವ ಅರ್ಧಕ್ಕರ್ಧ ಅದಕ್ಕಿಂತ ಹಳೆಯವು ಅಂತ ನನ್ನ ಅಂದಾಜು. ದೀಪಾವಳಿ ಖಾತೆ ಪೂಜೆ ಮುಗಿದ ಮರುವಾರ ಒಂದು ಫೋನ್ ಬಂತು. ಸ್ಟೇಷನ್ ರೋಡಿನ ಅಂಗಡಿಯವರು! ಹದಿನೇಳು ವರ್ಷದಲ್ಲಿ ಅವರ ತಲೆ ಪೂರ್ತಿ ಬೆಳ್ಳಗಾಗಿದೆ. ಮೊಬೈಲಿನಲ್ಲೇ ಎಲ್ಲರೂ ಲ್ಯಾಪ್‌ಟಾಪ್ ತರಿಸುತ್ತಾರೆ, ಹೊಸ ಮಾಲಿನ ವ್ಯಾಪಾರ ಹೋಗಿದೆ, ರಿಪೇರಿ ಮೇಲೆ ನಡೆದಿದೆ ಅಂದರು.

ಹೋದೆ. ಕೌಂಟರ್ ಹಿಂದೆ ಆರು ಹಳೇ ಕಂಪ್ಯೂಟರ್ ಸಾಲಾಗಿ ಇಟ್ಟಿದ್ದರು. ಎರಡು ಟ್ಯೂಷನ್ ಹೇಳುವವರವು, ಉಳಿದವು ಓದುವ ಮಕ್ಕಳವು. ಟ್ಯಾಲಿ ಬೇಡದವು.

'ಇವಕ್ಕ ನಿಮ್ದು ಹಾಕಿದ್ರ ಓಡ್ತಾವೇನ್ರಿ?'

'ಓಡ್ತಾವ್ರಿ. ಇನ್ನೂ ನಾಕೈದು ವರ್ಷ.'

'ಮಷೀನಿಗೆ ಎಷ್ಟು ತಗಂತೀರಿ?'

'ಏನೂ ಬ್ಯಾಡ್ರಿ. ಅದು ಫ್ರೀ ಐತಿ, ನಂದೇನು ಖರ್ಚದ?'

ಅವರು ಚಹಾದ ಲೋಟ ಕೆಳಗಿಟ್ಟರು. 'ಏನೂ ಬ್ಯಾಡಂದ್ರ ಹ್ಯಾಂಗ್ರಿ? ನೀವು ತಗಂಡ್ರ ತಾನೇ ನಡುವ ನನಗೇನಾರ ಸಿಗೋದು!'

ಇನ್ನೂರು ಅಂತ ಮಾತಾಯಿತು. ನೂರೈವತ್ತು ನನಗೆ, ಐವತ್ತು ಅವರಿಗೆ. ಕೆಟ್ಟರೆ ಮೊದಲು ಬೈಸಿಕೊಳ್ಳುವುದು ಅವರು. ಆರು ಮಷೀನಿನ ಲೆಕ್ಕ ಕಿರ್ದಿಯಲ್ಲಿ ಬರೆದಿದ್ದೇನೆ, ಎರಡರ ದುಡ್ಡು ಇನ್ನೂ ಬಾಕಿ.